ನೋವನ್ನು ಬಚ್ಚಿಡುವುದು ಸಹನೆಯೇ?

ಊರಿನಿಂದ ಫೋನು ಬಂದಾಗ "ಇಲ್ಲಿ ಎಲ್ಲರೂ ಕ್ಷೇಮ" ಎನ್ನುವುದು ದೆಹಲಿ ಕನ್ನಡಿಗರಾದ ನಮಗೆ ರೂಢಿ. ಕಳೆದ ಚಳಿಗಾಲ ಎರಡು ರಾತ್ರಿಯ ರೈಲು ಪ್ರಯಾಣ ಮುಗಿಸಿ ಜನಕಪುರಿಗೆ ಮರಳಿದ ಮೇಲೆ ನಮ್ಮ ಕಾಲು ಊದಿತು, ಯಾರಿಗೂ ಹೇಳಲಿಲ್ಲ. ವಾರದೊಳಗೆ ಮೆಟ್ಟಿಲೇರುವಾಗ ಉಸಿರು ಕಟ್ಟಿತು. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶ ಸೇರಿತ್ತು. ನೆರೆಯ ಪಂಜಾಬಿ ಮನೆಯವರು ಕೂಡಲೇ ಆಸ್ಪತ್ರೆಗೆ ಒಯ್ದದ್ದರಿಂದ ಉಳಿದೆವು.

ಹಿರಿಯರಿಗೆ ಚಿಂತೆ ಕೊಡಬಾರದೆಂಬ ಭಾವನೆ ಒಳ್ಳೆಯದೇ. ಆದರೆ ನಮ್ಮ ಮೌನದಲ್ಲಿ ಅರ್ಧ ಪಾಲು, ಪರಸ್ಥಳದಲ್ಲಿ ಯಾರ ಹಂಗೂ ಬೇಡವೆಂಬ ಹಮ್ಮು. 2017ರಲ್ಲಿ ಹೆರಿಗೆಯ ಮರುದಿನ ಉಸಿರಾಟ ಕಷ್ಟವಾದಾಗ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ತಾವೇ ಪಟ್ಟು ಹಿಡಿದು ಪರೀಕ್ಷೆ ಮಾಡಿಸಿಕೊಂಡರು. ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ಅವರನ್ನು ಅಧೀರರೆನ್ನಲು ಸಾಧ್ಯವೇ?

ಈ ಕಾಯಿಲೆಗೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಹೆಪ್ಪನ್ನು ಬೆಳೆಯಗೊಡದು. ನಿಧಾನವಾಗಿ ಕರಗಿಸುವುದು ದೇಹವೇ. ನೆರೆಹೊರೆಯ ನೆರವೂ ಹಾಗೆಯೇ. ನಮ್ಮ ಕಷ್ಟವನ್ನು ನಾವೇ ಕಳೆಯಬೇಕು. ಅದು ಬೆಳೆಯದಂತೆ ಅವರು ತಡೆದಾರು. ಹೇಳಿದರೆ ತಾನೆ?

ಈಗ ಫೋನು ಬಂದರೆ ಕಾಲುನೋವನ್ನೂ ಹೇಳುತ್ತೇವೆ. ಓದುಗ ಬಂಧುಗಳೂ ಹೇಳುವಂತಾಗಲಿ.