ಒದ್ದೆ ಕೈಯವರ ಲೆಕ್ಕ

ಮೀನುಮರಿಯನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ನದಿಗಳಲ್ಲಿ ಸಾಲ್ಮನ್ ಮರಿಗಳನ್ನು ಎಣಿಸುವ ಕೆಲಸಕ್ಕೆ ಸೇರಿದವರು ಮೊದಲು ಕಲಿಯುವ ಪಾಠಗಳಲ್ಲಿ ಇದೊಂದು. ಮೈಮೇಲಿನ ಲೋಳೆಯೇ ಮೀನಿಗೆ ಕವಚ. ಒಣಗೈ ತಾಗಿದರೆ ಅದು ಕಿತ್ತುಬರುತ್ತದೆ, ಆ ಜಾಗಕ್ಕೆ ಬೂಷ್ಟು ಹತ್ತಬಹುದು.

ಅಮೆರಿಕದ ಐಡಹೋ ರಾಜ್ಯದಲ್ಲಿ ಸಾಲ್ಮನ್ ಎಂಬ ಹೆಸರಿನದೇ ಒಂದು ನದಿಯಿದೆ. ವಸಂತದಲ್ಲಿ ಹಿಮ ಕರಗಿ ಅದು ಉಕ್ಕತೊಡಗಿದಾಗ ಬೆಳ್ಳಿಬಣ್ಣಕ್ಕೆ ತಿರುಗಿದ ಮರಿಗಳು ಕಡಲಿನತ್ತ ಇಳಿಯುತ್ತವೆ. ಹೆಚ್ಚಾಗಿ ಇರುಳಿನಲ್ಲೇ ಅವುಗಳ ಪಯಣ. ಆ ದಾರಿಯಲ್ಲಿ ಎರಡು ತೇಲುಗಳ ನಡುವೆ, ತೂತುಗಳುಳ್ಳ ಲೋಹದ ದೊಡ್ಡದೊಂದು ಆಲಿಕೆ ಅರ್ಧ ಮುಳುಗಿ, ಹರಿವಿನ ಬಲಕ್ಕೇ ತಿರುಗುತ್ತಿರುತ್ತದೆ. ಅದರ ಬಾಯಿ ಹೊಕ್ಕ ಮರಿ ಹಿಂದಿನ ನೀರಿನ ಪೆಟ್ಟಿಗೆಗೆ ಸೇರುತ್ತದೆ. ಇದನ್ನು ಸ್ಕ್ರೂ ಟ್ರ್ಯಾಪ್ ಎನ್ನುತ್ತಾರೆ. ಬೆಳಗಿನ ಕೊರೆಯುವ ಚಳಿಯಲ್ಲಿ ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ತಂತ್ರಜ್ಞರು ಬಂದು ಕಸಕಡ್ಡಿ ತೆಗೆದು ಮರಿಗಳನ್ನು ಬಕೆಟ್ಟಿಗೆ ಹಾಕಿಕೊಳ್ಳುತ್ತಾರೆ. ಸ್ವಲ್ಪ ಮಂಪರಿನ ಔಷಧ ಕೊಟ್ಟು, ಮೂತಿಯಿಂದ ಬಾಲದ ಕವಲಿನವರೆಗೆ ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ತೂಗುತ್ತಾರೆ. ಬಳಿಕ ಹೊಟ್ಟೆಯೊಳಗೆ 12 ಮಿಲಿಮೀಟರ್ ಉದ್ದದ ಗಾಜಿನ ಪಿಟ್ ಟ್ಯಾಗ್ ಒಂದನ್ನು ಸೂಜಿಯಿಂದ ಸೇರಿಸುತ್ತಾರೆ. ಬ್ಯಾಟರಿ ಇಲ್ಲದ ಈ ಟ್ಯಾಗಿನಲ್ಲಿರುವುದು ಬೇರೆ ಯಾವ ಮೀನಿಗೂ ಇಲ್ಲದ ಒಂದು ಸಂಖ್ಯೆ. ಮುಂದೆ ಅಣೆಕಟ್ಟಿನಲ್ಲಿ ಮೀನು ದಾಟುವ ಹಾದಿಯಲ್ಲಿಟ್ಟ ಆಂಟೆನಾ ಅದನ್ನು ಓದಿಕೊಳ್ಳುತ್ತದೆ.

ಆಲಿಕೆಗೆ ಬೀಳದೆ ಪಕ್ಕದಲ್ಲೇ ದಾಟಿಹೋದವೆಷ್ಟು? ಅದಕ್ಕೂ ಸರಳವಾದ ಉಪಾಯವಿದೆ. ಗುರುತು ಮಾಡಿದ ನೂರು ಮರಿಗಳನ್ನು ಮೇಲಕ್ಕೆ ಒಯ್ದು ಮತ್ತೆ ನೀರಿಗೆ ಬಿಡುತ್ತಾರೆ. ಅವುಗಳಲ್ಲಿ ಹತ್ತು ಮರಳಿ ಸಿಕ್ಕಿದರೆ, ಹಾದುಹೋಗುವ ಹತ್ತರಲ್ಲಿ ಒಂದು ಸಿಗುತ್ತಿದೆ ಎಂದಾಯಿತು. ಬಾಲ್ಯದಲ್ಲಿ ಕಲಿತ ತ್ರೈರಾಶಿಯೇ ಇಲ್ಲಿ ಒಂದು ನದಿಯ ಮೀನಿನ ಅಂದಾಜು ಕೊಡುತ್ತದೆ.

ನನ್ನನ್ನು ತಟ್ಟುವುದು ಇವರ ಇನ್ನೊಂದು ಶಿಸ್ತು. ಒಂದೂ ಮರಿ ಸಿಗದ ದಿನವೂ ಪುಸ್ತಕದಲ್ಲಿ ಸೊನ್ನೆ ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ, ಆ ದಿನ ಮೀನು ಬರಲಿಲ್ಲವೋ, ನೋಡುವವರೇ ಬರಲಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯದು. ಹಂಗಾಮಿ ನೌಕರಿ, ತೊಯ್ದ ಬಟ್ಟೆ, ವರದಿಯ ಮುಖಪುಟದಲ್ಲಿ ಎಷ್ಟೋ ಸಲ ಹೆಸರೂ ಇಲ್ಲ. ಆದರೂ ಆ ಸೊನ್ನೆಯನ್ನು ಪ್ರಾಮಾಣಿಕವಾಗಿ ಬರೆಯುವವರ ಮೇಲೆಯೇ ಉಳಿದೆಲ್ಲವೂ ನಿಂತಿದೆ.

ಸಾಲ್ಮನ್ ನದಿಯ ಉಗಮದ ಬಳಿ ರೆಡ್‌ಫಿಶ್ ಎಂಬ ಸರೋವರವಿದೆ. ಮೊಟ್ಟೆಯಿಡಲು ಬರುವ ಸಾಕೈ ಸಾಲ್ಮನ್‌ಗಳು ಕೆಂಪಾಗಿರುವುದರಿಂದಲೇ ಆ ಹೆಸರು. ಕಡಲಿನಿಂದ ಅಲ್ಲಿಗೆ ಸುಮಾರು 1,450 ಕಿಲೋಮೀಟರ್ ಏರುದಾರಿ, ನಡುವೆ ಎಂಟು ಅಣೆಕಟ್ಟು. 1992ರಲ್ಲಿ ಇಡೀ ವರ್ಷ ಕಾದದ್ದಕ್ಕೆ ಬಂದದ್ದು ಒಂದೇ ಒಂದು ಗಂಡುಮೀನು. ಜನ ಅದನ್ನು ‘ಒಂಟಿ ಲ್ಯಾರಿ’ ಎಂದು ಕರೆದರು. 1991ರಿಂದ 1998ರವರೆಗೆ ಮರಳಿದ ಕಾಡುಮೀನುಗಳು ಒಟ್ಟು ಹದಿನಾರು. ಅವುಗಳಿಂದ ಸಾಕಣೆಯಲ್ಲಿ ಸಂತಾನ ಮುಂದುವರಿಸಿ ಮರಿಗಳನ್ನು ಬಿಡುತ್ತ ಬಂದರು. 2014ರಲ್ಲಿ 1,500ಕ್ಕೂ ಹೆಚ್ಚು ಮೀನು ಹಿಂದಿರುಗಿದವು. ಗಂಡಾಂತರ ಕಳೆದಿಲ್ಲ, ಏರಿಳಿತ ಇದ್ದೇ ಇದೆ. ಆದರೆ ಬಂದದ್ದು ಒಂದೇ ಎಂದು ಖಚಿತವಾಗಿ ಹೇಳಲು ದಿನವೂ ನೋಡುವವರಿದ್ದರು. ಹಾಗಾಗಿಯೇ ಆ ಒಂದರ ವಂಶವನ್ನು ಉಳಿಸಿಕೊಳ್ಳಲಾಯಿತು.

ನಮ್ಮ ಕಾವೇರಿಯಲ್ಲೂ ಇಂಥ ಗಂಡಾಂತರದಲ್ಲಿರುವ ಮೀನೊಂದಿದೆ, ಡುಬ್ಬದ ಮಹಸೀರ್. ಲೋಕದಲ್ಲಿ ಬೇರೆಲ್ಲೂ ಇಲ್ಲದ, ಕಾವೇರಿ ಮತ್ತದರ ಉಪನದಿಗಳದೇ ಮೀನು. 1998ರಿಂದ 2012ರವರೆಗೆ ಕಾವೇರಿ ದಡದ ಗಾಳಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು ಹಿಡಿದುಬಿಟ್ಟ ಮೀನುಗಳ ವಿವರವನ್ನು ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಸಂಶೋಧಕರು ತೆರೆದಾಗ ಡುಬ್ಬದ ಮೀನಿನ ಸಂಖ್ಯೆ ಕುಸಿಯುತ್ತಿತ್ತು, ಸಿಕ್ಕವುಗಳ ತೂಕ ಮಾತ್ರ ಏರುತ್ತಿತ್ತು. ಅಂದರೆ ಮುದಿಮೀನುಗಳಷ್ಟೇ ಉಳಿಯುತ್ತಿದ್ದವು, ಹೊಸ ಮರಿಗಳು ಸೇರುತ್ತಿರಲಿಲ್ಲ. ಈ ಸುಳಿವು ಸಿಕ್ಕಿದ್ದು ಹವ್ಯಾಸಕ್ಕೆ ಬರೆದ ಪುಸ್ತಕದಿಂದ, ಅದೂ ದೊಡ್ಡ ಮೀನುಗಳ ಲೆಕ್ಕದಿಂದ. 2018ರಲ್ಲಿ ಡುಬ್ಬದ ಮಹಸೀರ್ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಮರಿಗಳನ್ನೇ ಎಣಿಸುವವರು ಕಾವೇರಿಗೂ ಬೇಕು, ವರ್ಷಾನುವರ್ಷ, ಸೊನ್ನೆಯನ್ನೂ ಬಿಡದೆ. ಮೀನುಗಾರಿಕೆಯನ್ನೋ ಪ್ರಾಣಿಶಾಸ್ತ್ರವನ್ನೋ ಓದುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಇಂಥದೊಂದು ಕೆಲಸವಿದೆ ಎಂದು ಇವತ್ತೇ ಅವರಿಗೆ ಹೇಳಿ.