ವಂದನಾರ್ಪಣೆಯ ಪಟ್ಟಿ

ಕಣ್ಣಾಸ್ಪತ್ರೆಯೊಂದರ ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದೆ. ಅಲ್ಲಿ ವರ್ಷಕ್ಕೊಮ್ಮೆ ಎಳೆಯ ವೈದ್ಯರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಕೈಯಲ್ಲಿ ಮಾಡಿಸಿ ಕಲಿಸುವ ಎರಡು ದಿನದ ಶಿಬಿರ ನಡೆಯುತ್ತಿತ್ತು. ಕೊನೆಗೆ ಓದುವ ವಂದನಾರ್ಪಣೆಯನ್ನು ಬರೆದುಕೊಡುವುದು ನನ್ನ ಪಾಲಿನ ಕೆಲಸ. ಅಕ್ಷರ ದುಂಡಗಿದೆ ಎಂಬುದೇ ನನ್ನ ಅರ್ಹತೆ.

ಪುಸ್ತಕ ಓದಿ ಹೋಳಿಗೆ ತಟ್ಟಲು ಬರುವುದಿಲ್ಲವಷ್ಟೆ. ಮೊದಲ ಹೋಳಿಗೆ ಹರಿದರೆ ನಾವೇ ತಿಂದು ಮುಗಿಸಬಹುದು. ಮೊದಲ ಕಣ್ಣು ಕೆಟ್ಟರೆ? ಅದಕ್ಕೇ ಮನುಷ್ಯರ ಕಣ್ಣಿಗೆ ಕೈ ಹಾಕುವ ಮುನ್ನ ಮೇಕೆಯ ಕಣ್ಣಿನಲ್ಲಿ ಅಭ್ಯಾಸ ಮಾಡಿಸುತ್ತಾರೆ. ಅದು ತಾಜಾ ಇರಬೇಕು. ಹೊತ್ತು ಕಳೆದಂತೆ ಕಾರ್ನಿಯಾ ಮಂಜಾಗುತ್ತದೆ, ಗುಡ್ಡೆ ಮೆತ್ತಗಾಗುತ್ತದೆ; ಆಗ ಸೂಜಿಯಲ್ಲಿ ಸಲೈನ್ ತುಂಬಿ ಬಿಗಿ ಮಾಡಬೇಕು. ಮೇಕೆಗೆ ಪೊರೆ ಎಲ್ಲಿಂದ ಬರಬೇಕು? ಮಸೂರ ಗಟ್ಟಿಯಾಗಲೆಂದು ಫಾರ್ಮಲಿನ್ ಚುಚ್ಚುವುದುಂಟು. ಆಮೇಲೆ ಥರ್ಮಕೋಲಿನ ಮೇಲೆ ಗುಂಡುಸೂಜಿ ನೆಟ್ಟು ಅಲುಗಾಡದಂತೆ ಕೂರಿಸಬೇಕು. ಹೊಲಿಗೆಯ ನೈಲಾನ್ ದಾರ ತಲೆಗೂದಲಿಗಿಂತ ಸಣ್ಣದು, ನೆಲಕ್ಕೆ ಬಿದ್ದರೆ ಸಿಗದು. ಚಿಮಟದ ತುದಿ ತಟ್ಟೆಗೆ ತಗುಲಿದರೂ ಡೊಂಕು. ಇಲ್ಲಿ ಬಳಸಿದ ಉಪಕರಣ ತಪ್ಪಿಯೂ ರೋಗಿಯ ಬಳಿಗೆ ಹೋಗಕೂಡದು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಇಬ್ಬರು ನರ್ಸುಗಳು, ಮೈಕ್ರೋಸ್ಕೋಪು ರಿಪೇರಿಯ ಒಬ್ಬ ಹುಡುಗ, ಒಬ್ಬಳು ಆಯಾ. ಕಣ್ಣು ತರುತ್ತಿದ್ದವನು ಮಾಂಸದಂಗಡಿಯ ಮುದುಕ. ಬೆಳಿಗ್ಗೆ ಆರಕ್ಕೆಲ್ಲ ಐಸು ತುಂಬಿದ ಫ್ಲಾಸ್ಕ್ ಹಿಡಿದು ಹಿಂಬಾಗಿಲಲ್ಲಿ ನಿಂತಿರುತ್ತಿದ್ದ. ನಮ್ಮದು ಸಸ್ಯಾಹಾರಿ ಮನೆ. ಮೊದಲ ವರ್ಷ ನಾನು ಮುಖ ತಿರುಗಿಸಿಕೊಂಡೇ ರಸೀದಿ ಬರೆದೆ. ಮರುವರ್ಷದಿಂದ ಅವನು ತಾನಾಗಿಯೇ ಫ್ಲಾಸ್ಕನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದ. ಅದು ನನಗೆ ಅನುಕೂಲವಾಗಿಯೇ ಕಂಡಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

1998ರ ಪಟ್ಟಿಯಲ್ಲಿ ಮುಖ್ಯ ಅತಿಥಿಗಳಿದ್ದರು, ಔಷಧದ ಕಂಪನಿಯವರಿದ್ದರು, ಶಾಮಿಯಾನದವರೂ ಇದ್ದರು. ಆಯಾ ಸಭೆಯ ಹಿಂದೆ ಕೊನೆಯವರೆಗೂ ನಿಂತು ಕೇಳಿದಳು. ಮರುದಿನ ಕಸ ಗುಡಿಸುತ್ತ, "ಶಾಮಿಯಾನದವರ ಹೆಸರೂ ಬಂತಲ್ಲಕ್ಕಾ" ಎಂದಳು. ಅಷ್ಟೇ.

ಅವರಿಗೆ ಸಂಬಳ ಕೊಡುತ್ತೇವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸಂಬಳ ವೈದ್ಯರಿಗೂ ಇತ್ತು, ಹಾರವೂ ಇತ್ತು. ಮಾಡಿದ ಕೆಲಸದ ತೃಪ್ತಿಯೇ ಸಾಲದೇ ಎನ್ನುವ ಮಾತು ಇನ್ನೊಂದು. ಅದನ್ನು ಆಡುವವರು ಸಾಮಾನ್ಯವಾಗಿ ವೇದಿಕೆಯ ಮೇಲೆ ಕೂತಿರುತ್ತಾರೆ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಇಟ್ಟರು ಎಂಬುದನ್ನು ನಮ್ಮ ಶಿಬಿರದಲ್ಲಿ ಪ್ರತಿ ಸಲವೂ ಹೇಳುತ್ತಿದ್ದರು. ಆ ಮಸೂರವನ್ನು ಅವರೊಡನೆ ಕೂತು ರೂಪಿಸಿದ ರೇನರ್ ಕಂಪನಿಯ ಜಾನ್ ಪೈಕ್ ಹೆಸರನ್ನು ಅಲ್ಲಿ ಒಮ್ಮೆಯೂ ಕೇಳಲಿಲ್ಲ.

ಮುಂದಿನ ವರ್ಷ ಐವರ ಹೆಸರನ್ನೂ ಬರೆಯಲು ಕೂತೆ. ಬರೆಯಹೋದರೆ ಮುದುಕನ ಹೆಸರೇ ನನಗೆ ಗೊತ್ತಿಲ್ಲ. ಬೆಳಿಗ್ಗೆ ಹಿಂಬಾಗಿಲಿಗೆ ಹೋಗಿ ಕೇಳಿದೆ.

"ಹೆಸರು ಓದೋದು ಬೇಡಮ್ಮ" ಎಂದ. "ಊರಲ್ಲಿ ಕಣ್ಣು ಕೀಳೋನು ಅಂತ ಕರೆದಾರು." ಸ್ವಲ್ಪ ತಡೆದು, "ಇದರಲ್ಲಿ ಅವರು ಏನು ಮಾಡ್ತಾರೋ ಒಂದ್ಸಲ ನೋಡಬಹುದಾ?" ಎಂದು ಕೇಳಿದ.

ನಾನು ಹೆಸರು ಕೊಡಲು ಹೊರಟಿದ್ದೆ, ಅವನಿಗೆ ಬೇಕಾದದ್ದು ಬೇರೆ. ಹಿರಿಯ ವೈದ್ಯರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಕಾಲು ತೊಳೆದು ಒಳಗೆ ಬಂದವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಷ್ಟೋ ಹೊತ್ತು ಮಾತಾಡಲಿಲ್ಲ. ಗುಡ್ಡೆ ಜಾರದಂತೆ ಸೂಜಿ ನೆಡಲು ನರ್ಸು ಪಡುವ ಪಾಡನ್ನೂ ನೋಡಿದ. ಮರುದಿನ ಬಂದ ಕಣ್ಣುಗಳ ಸುತ್ತ ಸ್ವಲ್ಪ ಮಾಂಸ ಬಿಟ್ಟು ಕತ್ತರಿಸಿದ್ದ. ಸೂಜಿ ಗಟ್ಟಿಯಾಗಿ ನಿಂತಿತು. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ನಾಲ್ಕು ಹೆಸರು ಓದಿದರು. ಆಯಾ ಸೆರಗು ಸರಿಮಾಡಿಕೊಂಡಳು.

2019ರಲ್ಲಿ ನನ್ನದೇ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ವೈದ್ಯೆ ಚಿಕ್ಕ ವಯಸ್ಸಿನವಳು. ಕಟ್ಟು ಬಿಚ್ಚುವಾಗ, ನೀನು ಕಲಿತಾಗ ಮೇಕೆಯ ಕಣ್ಣು ತರುತ್ತಿದ್ದವರು ಯಾರಮ್ಮ ಎಂದು ಕೇಳಿದೆ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಗೊತ್ತಿಲ್ಲ ಆಂಟಿ. ನಾವು ಹೋಗೋ ಹೊತ್ತಿಗೆ ಎಲ್ಲಾ ಮೇಜಿನ ಮೇಲೆ ರೆಡಿ ಇರ್ತಿತ್ತು" ಎಂದಳು.