ಬೆಂಕಿ ಯಾರದು?

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಬೆಂಕಿಗೆ ಒಂದು ವಿಶೇಷ ಗುಣವಿದೆ. ಅಕ್ಕಿಯನ್ನು ಹಂಚಿಕೊಂಡರೆ ಕೊಟ್ಟವನ ಚೀಲ ಹಗುರವಾಗುತ್ತದೆ. ಹೊಲವನ್ನು ಹಂಚಿಕೊಂಡರೆ ಬದು ಹತ್ತಿರ ಸರಿಯುತ್ತದೆ. ಆದರೆ ಒಂದು ದೀಪದಿಂದ ಮತ್ತೊಂದು ದೀಪವನ್ನು ಹೊತ್ತಿಸಿದರೆ ಮೊದಲನೆಯದಕ್ಕೆ ಯಾವ ನಷ್ಟವೂ ಇಲ್ಲ. ಬೆಂಕಿಪೊಟ್ಟಣ ಮನೆಮನೆಗೆ ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿ ನೆರೆಮನೆಯಿಂದ ಕೆಂಡ ತಂದು ಒಲೆ ಹೊತ್ತಿಸುವುದು ವಾಡಿಕೆಯಾಗಿತ್ತು. ಕೆಂಡ ಕೇಳಲು ಬಂದವರು ಅರೆಗಳಿಗೆ ನಿಂತು ಕ್ಷೇಮಸಮಾಚಾರವನ್ನೂ ಕೇಳಿ ಹೋಗುತ್ತಿದ್ದರು. ಇಂದು ಪ್ರತಿಯೊಂದು ಮನೆಗೂ ತನ್ನದೇ ಆದ ಬೆಂಕಿಯಿದೆ. ಗುಂಡಿ ತಿರುಗಿಸಿದರೆ ಸಾಕು, ಯಾರ ಹಂಗೂ ಬೇಕಿಲ್ಲ. ಹಾಗಾದರೆ ತನ್ನ ದುಡಿಮೆಯಿಂದ ತನ್ನ ಒಲೆಯನ್ನು ಕೊಂಡುಕೊಂಡವನಿಗೆ ನೆರೆಯವನ ಋಣ ಇನ್ನೂ ಉಳಿದಿರುತ್ತದೆಯೇ?

ಈ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ಎತ್ತರದಿಂದ ನೋಡುವ ಬದಲು ಒಂದು ಅಡುಗೆಯ ಮೂಲಕ ನೋಡೋಣ. ಆ ಅಡುಗೆ ತಂದೂರಿ ಕೋಳಿ. ಊರಿನವರೆಲ್ಲರ ಒಲೆ, ನಿರಾಶ್ರಿತರ ಬದುಕು, ಸಿರಿವಂತರ ಹಿತ್ತಲು, ಈ ಮೂರೂ ಅದರ ಕಥೆಯಲ್ಲಿ ಕೂಡುತ್ತವೆ.

ಊರಿಗೊಂದು ಒಲೆ

‘ತಂದೂರ್’ ಎಂಬ ಪದ ಬಹು ಪುರಾತನವಾದುದು. ಅಕ್ಕಾಡಿಯನ್ ಭಾಷೆಯ ‘ತಿನೂರು’, ಹೀಬ್ರೂ ಭಾಷೆಯ ‘ತನ್ನೂರ್’, ಪರ್ಷಿಯನ್ ಭಾಷೆಯ ‘ತನೂರ್’ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದ ಪದಗಳು. ದೇವರು ಅಬ್ರಾಮನೊಡನೆ ಒಡಂಬಡಿಕೆ ಮಾಡಿಕೊಂಡ ಆ ರಾತ್ರಿ, ಕಡಿದಿಟ್ಟ ಬಲಿಪ್ರಾಣಿಗಳ ನಡುವೆ ಹೊಗೆಯಾಡುವ ಒಲೆಯೊಂದು ಹಾದುಹೋಯಿತೆಂದು ಆದಿಕಾಂಡದ 15ನೆಯ ಅಧ್ಯಾಯ ತಿಳಿಸುತ್ತದೆ. ಮೂಲಭಾಷೆಯಲ್ಲಿ ಆ ಒಲೆಯ ಹೆಸರೂ ‘ತನ್ನೂರ್’. ನಮ್ಮ ದೇಶದಲ್ಲಿ ರಾಜಸ್ಥಾನದ ಕಾಲಿಬಂಗನ್ ಉತ್ಖನನದಲ್ಲಿ ಇಂದಿನ ತಂದೂರನ್ನೇ ಹೋಲುವ ಒಲೆಗಳು ದೊರೆತಿವೆ.

ಪಂಜಾಬಿನ ಹಳ್ಳಿಗಳಲ್ಲಿ ಈ ಒಲೆ ಒಂದು ಮನೆಗೆ ಸೇರಿದ್ದಾಗಿರಲಿಲ್ಲ. ‘ಸಾಂಝಾ ಚುಲ್ಹಾ’, ಅಂದರೆ ಎಲ್ಲರಿಗೂ ಸೇರಿದ ಒಲೆ ಎಂದು ಅದನ್ನು ಕರೆಯುತ್ತಿದ್ದರು. ಇದರ ಹಿಂದೆ ಸರಳವಾದ ಲೆಕ್ಕವೊಂದಿತ್ತು. ದಪ್ಪ ಮಣ್ಣಿನ ಗೋಡೆ ಕಾಯಲು ಬಹಳ ಸೌದೆ ಬೇಕು. ಒಮ್ಮೆ ಕಾದ ಮೇಲೆ ಹತ್ತು ರೊಟ್ಟಿ ಸುಟ್ಟರೂ ನೂರು ರೊಟ್ಟಿ ಸುಟ್ಟರೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದ್ದರಿಂದ ಸಂಜೆಯ ಹೊತ್ತಿಗೆ ಹೆಂಗಸರು ತಂತಮ್ಮ ಮನೆಯಲ್ಲಿ ಕಲಸಿದ ಹಿಟ್ಟನ್ನು ತಂದು ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟುಕೊಂಡು ಹೋಗುತ್ತಿದ್ದರು. ಗುರು ನಾನಕರ ಸಮತೆಯ ಬೋಧನೆಯೊಂದಿಗೆ ಈ ಪದ್ಧತಿಯನ್ನು ಜೋಡಿಸಿ ಹೇಳುವ ಪರಂಪರೆಯೂ ಅಲ್ಲಿದೆ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ: ಬೆಂಕಿ ಎಲ್ಲರದು, ಹಿಟ್ಟು ಅವರವರದು. ಯಾರೂ ಯಾರ ಭಿಕ್ಷೆಯನ್ನೂ ಉಣ್ಣುತ್ತಿರಲಿಲ್ಲ.

1947ರ ದೇಶವಿಭಜನೆ ಈ ಬದುಕನ್ನು ಬುಡಸಮೇತ ಕಿತ್ತೊಗೆಯಿತು. ಪೇಶಾವರದ ‘ಮೋತಿ ಮಹಲ್’ ಎಂಬ ಭೋಜನಗೃಹದಲ್ಲಿ ದುಡಿಯುತ್ತಿದ್ದ ಕುಂದನ್ ಲಾಲ್ ಗುಜ್ರಾಲ್ ಎಂಬುವರು ನಿರಾಶ್ರಿತರಾಗಿ ದೆಹಲಿಗೆ ಬಂದು, ಕುಂದನ್ ಲಾಲ್ ಜಗ್ಗಿ ಮೊದಲಾದವರೊಡನೆ ಸೇರಿ ದರಿಯಾಗಂಜಿನಲ್ಲಿ ಅದೇ ಹೆಸರಿನ ಭೋಜನಗೃಹವನ್ನು ತೆರೆದರು. ರೊಟ್ಟಿ ಸುಡುವ ಒಲೆಯಲ್ಲಿ ಬೆಂದ ಕೋಳಿಯನ್ನು ದೇಶವಿದೇಶಗಳ ಗಣ್ಯರ ಮೇಜಿಗೆ ತಲುಪಿಸಿದ ಕೀರ್ತಿ ಅವರದು. ಮನೆಮಠ ಕಳೆದುಕೊಂಡವರು ಹೊತ್ತುತಂದ ಅಡುಗೆಯಿದು. ಮುಂದೆ 2024ರಲ್ಲಿ, ಅದೇ ಅಡುಗೆಮನೆಯಲ್ಲಿ ಹುಟ್ಟಿದ ‘ಬಟರ್ ಚಿಕನ್’ ಖಾದ್ಯವನ್ನು ಮೊದಲು ಮಾಡಿದವರು ಯಾರೆಂಬ ವಿವಾದ ಹಳೆಯ ಪಾಲುದಾರರ ಕುಟುಂಬಗಳ ನಡುವೆ ಎದ್ದು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಸರಿತಪ್ಪುಗಳ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೂ ಎಲ್ಲರ ಒಲೆಯಿಂದ ಬಂದದ್ದು ‘ನನ್ನದೋ ನಿನ್ನದೋ’ ಎಂಬ ಪ್ರಶ್ನೆಗೆ ಬಂದು ನಿಂತಿದ್ದನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಮನೆಗೊಂದು ಒಲೆ

ಈಗ ತಂದೂರಿ ಕೋಳಿಯನ್ನು ಮನೆಯ ಹಿತ್ತಲಿನಲ್ಲೇ ಬೇಯಿಸಬಲ್ಲ ಪಿಂಗಾಣಿಯ ಇದ್ದಿಲು ಒಲೆಗಳು ಬಂದಿವೆ. ಮೊಟ್ಟೆಯಾಕಾರದ ಈ ಒಲೆಯ ಮೂಲ ಜಪಾನಿನ ‘ಕಮಾಡೊ’ ಎಂಬ ಅನ್ನದ ಒಲೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸೈನಿಕರು ಅದನ್ನು ತಮ್ಮ ನಾಡಿಗೆ ಕೊಂಡೊಯ್ದರು. 1974ರಲ್ಲಿ ಅಟ್ಲಾಂಟಾ ನಗರದಲ್ಲಿ ‘ಬಿಗ್ ಗ್ರೀನ್ ಎಗ್’ ಸಂಸ್ಥೆ ಆರಂಭವಾದ ಮೇಲೆ, ಮಣ್ಣಿನ ಬದಲು ಹೆಚ್ಚಿನ ಶಾಖವನ್ನು ತಾಳಬಲ್ಲ ಪಿಂಗಾಣಿಯ ಒಲೆಗಳು ಕ್ರಮೇಣ ಜನಪ್ರಿಯವಾದವು. ಹೊರದೇಶಗಳಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಿಗೆ ತಂದೂರಿನ ರುಚಿಯನ್ನು ಮರಳಿ ಪಡೆಯಲು ಇದೊಂದು ಅನುಕೂಲವಾದ ದಾರಿ.

ತಂದೂರಿಗೂ ಇದಕ್ಕೂ ಒಳಗಿನ ತತ್ತ್ವ ಒಂದೇ. ಕೆಳಗಿನ ಕೆಂಡದ ಶಾಖ, ಕಾದ ಗೋಡೆ ಹೊರಸೂಸುವ ಶಾಖ, ಒಳಗೆ ಸುತ್ತುವ ಬಿಸಿಗಾಳಿ ಈ ಮೂರೂ ಕೂಡಿ ಮಾಂಸವನ್ನು ಬೇಯಿಸುತ್ತವೆ. ಕೆಂಡದ ಮೇಲೆ ತೊಟ್ಟಿಕ್ಕಿದ ಕೊಬ್ಬು ಹೊಗೆಯಾಗಿ ಮೇಲೇರಿ ಪರಿಮಳ ಕೊಡುತ್ತದೆ. ಹೋಟೆಲಿನ ತಂದೂರು ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲದು. ಮನೆಯ ಪಿಂಗಾಣಿ ಒಲೆಯಲ್ಲಿ ಕೋಳಿಗೆ 230ರಿಂದ 260 ಡಿಗ್ರಿ ಸಾಕು. ತಳದ ಕಿಂಡಿ ಮತ್ತು ಮೇಲಿನ ಕಿಂಡಿಗಳನ್ನು ಬೆರಳಗಲ ತೆರೆದು ಮುಚ್ಚುವುದರಿಂದಲೇ ಈ ಶಾಖವನ್ನು ಹಿಡಿತದಲ್ಲಿ ಇಡಲಾಗುತ್ತದೆ.

ಆದರೆ ಈ ಅಡುಗೆ ಒಲೆ ಹಚ್ಚಿದಾಗ ಆರಂಭವಾಗುವುದಿಲ್ಲ, ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಚರ್ಮ ತೆಗೆದ ಕೋಳಿಗೆ ಆಳವಾಗಿ ಗೀರು ಹಾಕಿ, ಉಪ್ಪು, ನಿಂಬೆರಸ, ಮೆಣಸಿನಪುಡಿಗಳನ್ನು ಸವರಿ ಅರ್ಧ ಗಂಟೆ ಬಿಡಬೇಕು. ಅನಂತರ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ, ಸಾಸಿವೆ ಎಣ್ಣೆ, ಕಸೂರಿ ಮೇಥಿ ಬೆರೆಸಿ ಹಚ್ಚಿ, ರಾತ್ರಿಯಿಡೀ ತಣ್ಣಗಿರುವಲ್ಲಿ ಇಡಬೇಕು. ಮೊಸರಿನ ಹುಳಿ ಮಾಂಸವನ್ನು ಮೆದುವಾಗಿಸುತ್ತದೆ. ಕೆಂಪು ಬಣ್ಣಕ್ಕೆ ಕಾಶ್ಮೀರದ ಮೆಣಸಿನಕಾಯಿಯಾಗಲಿ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯಾಗಲಿ ಸಾಕು. ಬಣ್ಣ ಹೆಚ್ಚು, ಖಾರ ಹಿತ. ಕೃತಕ ಬಣ್ಣದ ಮೋಹಕ್ಕೆ ಸಿಲುಕಿದವರು ನೆನಪಿಡಬೇಕು: 2024ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವೇ ಕಬಾಬುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ನಮ್ಮ ಮಕ್ಕಳಿಗೆ ಉಣಿಸಲು ಹಿಂಜರಿಯುವುದನ್ನು ಅತಿಥಿಗೆ ಬಡಿಸುವುದು ಆತಿಥ್ಯವೆನಿಸದು.

ಮರುದಿನ ಮರದ ಇದ್ದಿಲನ್ನು ಹೊತ್ತಿಸಿದ ಮೇಲೂ ಅವಸರ ಸಲ್ಲದು. ಶಾಖಮಾಪಕದ ಮುಳ್ಳು ಬೇಗನೆ ಮೇಲೇರಿದರೂ ಅದು ತೋರಿಸುವುದು ಒಳಗಿನ ಗಾಳಿಯ ಬಿಸಿಯನ್ನಷ್ಟೇ. ದಪ್ಪ ಗೋಡೆ ಕಾಯಲು ಇನ್ನೂ ಅರ್ಧ ಗಂಟೆಯಾದರೂ ಬೇಕು. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಈ ಒಲೆಯ ಮುಂದೆ ಅಕ್ಷರಶಃ ನಿಜ. ಮಾಂಸದ ದಪ್ಪಭಾಗದ ಒಳಗೆ 74 ಡಿಗ್ರಿ ತಲುಪಿದಾಗ ಕೋಳಿ ಸುರಕ್ಷಿತವಾಗಿ ಬೆಂದಿದೆ ಎಂದರ್ಥ. ಹೊರಗಿನ ಕರಿಕಲೆ ನೋಡಿ ಒಳಗನ್ನು ಊಹಿಸಬಾರದು. ಕಾದ ಒಲೆಯ ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಚಿಮ್ಮಬಹುದು. ಮೊದಲು ಸ್ವಲ್ಪವೇ ಎತ್ತಿ, ತಡೆದು, ಅನಂತರ ತೆರೆಯಬೇಕು. ಇದ್ದಿಲಿನ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಹಚ್ಚಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣವನ್ನೇ ತೆಗೆಯಬಲ್ಲದು.

ಹಳೆಯದೆಲ್ಲ ಒಳ್ಳೆಯದೇ?

ಇಷ್ಟು ಹೇಳಿದ ಮೇಲೆ, ಹಿಂದಿನ ಸಾಮೂಹಿಕ ಒಲೆಯೇ ಶ್ರೇಷ್ಠ, ಇಂದಿನ ಖಾಸಗಿ ಒಲೆ ಸ್ವಾರ್ಥದ ಕುರುಹು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಸತ್ಯ ಅಷ್ಟು ಸರಳವಲ್ಲ. ಯಾಜಕಕಾಂಡದ 26ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಸ್ತ್ರೀಯರು ಒಂದೇ ಒಲೆಯಲ್ಲಿ ರೊಟ್ಟಿ ಸುಡುವ ಚಿತ್ರವೊಂದಿದೆ. ಅಲ್ಲಿ ಅದು ಸೌಹಾರ್ದದ ಚಿತ್ರವಲ್ಲ, ಕ್ಷಾಮದ ಚಿತ್ರ. ಹಿಟ್ಟು ಕಡಿಮೆಯಾದಾಗ ಒಲೆಗಳೂ ಕಡಿಮೆಯಾಗುತ್ತವೆ. ಮಧ್ಯಯುಗದ ಫ್ರಾನ್ಸಿನಲ್ಲಿ ರೈತರು ಜಮೀನುದಾರನ ಒಲೆಯಲ್ಲೇ ರೊಟ್ಟಿ ಸುಡಬೇಕು, ಅದಕ್ಕೆ ಶುಲ್ಕವನ್ನೂ ತೆರಬೇಕು ಎಂಬ ಕಟ್ಟಳೆಯಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅದು ರದ್ದಾದಾಗ ಜನರು ಸಂತೋಷಪಟ್ಟರೇ ಹೊರತು ಕಣ್ಣೀರಿಡಲಿಲ್ಲ. ನಮ್ಮ ನಾಡಿನಲ್ಲಂತೂ ಬಾವಿ, ಕೆರೆ, ಒಲೆಗಳ ಬಳಿಗೆ ಯಾರು ಬರಬಹುದು, ಯಾರು ಬರಬಾರದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಅವಮಾನವನ್ನು ನುಂಗಿಕೊಂಡು ದೂರ ನಿಂತವನಿಗೆ ಅವನದೇ ಆದ ಒಲೆಯೊಂದು ದೊರೆತದ್ದು ವಿಮೋಚನೆಯೇ ಸರಿ. ಆದ್ದರಿಂದ ಸ್ವಂತ ಒಲೆಯನ್ನು ಹೊಂದುವುದು ಪಾಪವಲ್ಲ.

ಹಾಗೆಂದು ಏನೂ ಕಳೆದುಹೋಗಿಲ್ಲವೆನ್ನಲಾಗದು. ಹಂಗಿಲ್ಲದ ಬಾಳು ಕ್ರಮೇಣ ಸಂಬಂಧವಿಲ್ಲದ ಬಾಳಾಗುವ ಅಪಾಯವಿದೆ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ವಾಸಿಸಿಯೂ ಎದುರುಮನೆಯವರ ಹೆಸರು ತಿಳಿಯದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇಲ್ಲದಿಲ್ಲ. ಇನ್ನೊಂದು ನಷ್ಟ ಮನೆಯ ಒಳಗೇ ಇದೆ. ಹಬ್ಬದ ದಿನ ಹಿತ್ತಲಿನಲ್ಲಿ ಇದ್ದಿಲಿನ ಮುಂದೆ ನಿಂತು ಕೋಳಿ ಸುಡುವ ಗೃಹಸ್ಥನನ್ನು ಎಲ್ಲರೂ ಕೊಂಡಾಡುತ್ತಾರೆ. ಹಿಂದಿನ ರಾತ್ರಿ ಶುಂಠಿ ಬೆಳ್ಳುಳ್ಳಿ ಅರೆದವರು, ಮೊಸರು ಕಟ್ಟಿಟ್ಟವರು, ಊಟವಾದ ಮೇಲೆ ಪಾತ್ರೆ ಬೆಳಗಿದವರು ಯಾರು? ವರ್ಷದ ಉಳಿದ ದಿನಗಳಲ್ಲಿ ಬೆಂಕಿಯ ಮುಂದೆ ಬೆವರುವವರು ಯಾರು? ಸಾಂಝಾ ಚುಲ್ಹಾದ ಸುತ್ತ ಕುಳಿತ ಹೆಂಗಸರಿಗೆ ದುಡಿಮೆಯ ನಡುವೆ ಮಾತನಾಡಲು ಗೆಳತಿಯರಾದರೂ ಇದ್ದರು. ಇಂದಿನ ಅಡುಗೆಮನೆಯಲ್ಲಿ ದುಡಿಮೆ ಉಳಿದುಕೊಂಡಿದೆ, ಗೆಳತಿಯರು ಹೋಗಿದ್ದಾರೆ.

ಎರಡು ಇದ್ದಿಲಿನ ಬೆಂಕಿಗಳು

ಸಂತ ಯೊವಾನ್ನನ ಶುಭಸಂದೇಶದಲ್ಲಿ ಇದ್ದಿಲಿನ ಬೆಂಕಿ ಎರಡು ಬಾರಿ ಕಾಣಿಸಿಕೊಳ್ಳುತ್ತದೆ. ಮೂಲ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲಿಯೂ ಬರುವುದಿಲ್ಲ. ಮೊದಲನೆಯದು 18ನೆಯ ಅಧ್ಯಾಯದಲ್ಲಿ, ಪ್ರಧಾನಯಾಜಕನ ಅಂಗಳದಲ್ಲಿ. ಚಳಿ ಕಾಯಿಸುತ್ತ ನಿಂತವರ ನಡುವೆ ಪೇತ್ರನೂ ಇದ್ದಾನೆ. ಅಲ್ಲಿಯೇ ಅವನು ತನ್ನ ಗುರುವನ್ನು ಅರಿಯೆನೆನ್ನುತ್ತಾನೆ. ಒಂದೇ ಬೆಂಕಿಯ ಸುತ್ತ ನಿಂತ ಮಾತ್ರಕ್ಕೆ ಬಾಂಧವ್ಯ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಎರಡನೆಯದು 21ನೆಯ ಅಧ್ಯಾಯದಲ್ಲಿ, ತಿಬೇರಿಯ ಸರೋವರದ ದಡದಲ್ಲಿ, ಪುನರುತ್ಥಾನದ ನಂತರ. ರಾತ್ರಿಯೆಲ್ಲ ದುಡಿದು ದಣಿದ ಶಿಷ್ಯರು ದಡಕ್ಕೆ ಬರುವಷ್ಟರಲ್ಲಿ ಪ್ರಭು ಯೇಸುವೇ ಬೆಂಕಿ ಹೊತ್ತಿಸಿ, ಮೀನನ್ನೂ ರೊಟ್ಟಿಯನ್ನೂ ಸಿದ್ಧಪಡಿಸಿದ್ದಾರೆ. ಬಡಿಸಲು ಅವರ ಬಳಿ ಆಗಲೇ ಆಹಾರವಿತ್ತು. ಆದರೂ ಶಿಷ್ಯರು ಆಗತಾನೆ ಹಿಡಿದ ಮೀನುಗಳಲ್ಲಿ ಕೆಲವನ್ನು ತರುವಂತೆ ಹೇಳುತ್ತಾರೆ. ಏಕೆ? ಬರಿಗೈಯಲ್ಲಿ ಉಂಡವನು ಋಣಿಯಾಗಿ ಎದ್ದುಹೋಗುತ್ತಾನೆ. ತನ್ನ ಪಾಲನ್ನೂ ತಂದವನು ಕುಟುಂಬದವನಾಗಿ ಕುಳಿತುಕೊಳ್ಳುತ್ತಾನೆ. ಪಂಜಾಬಿನ ಸ್ತ್ರೀಯರು ತಮ್ಮ ತಮ್ಮ ಹಿಟ್ಟಿನೊಡನೆ ಒಲೆಗೆ ಬರುತ್ತಿದ್ದುದರ ಒಳಾರ್ಥವೂ ಇದೇ ಅಲ್ಲವೇ?

ನಮ್ಮ ಆರಂಭದ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ಒಲೆ ನನ್ನದಾಗಿರಬಹುದು, ಇದ್ದಿಲಿಗೆ ಹಣ ತೆತ್ತವನು ನಾನೇ ಆಗಿರಬಹುದು. ಆದರೆ ಒಮ್ಮೆ ಕಾದ ಗೋಡೆಯ ಬಿಸಿ ನನ್ನ ಅಗತ್ಯಕ್ಕಿಂತ ಹೆಚ್ಚಿನದು. ನನಗೆ ನಷ್ಟವಿಲ್ಲದೆ ಕೊಡಬಹುದಾದುದನ್ನು ಕೊಡದೆ ಉಳಿಸಿಕೊಳ್ಳಲು ಯಾವ ನ್ಯಾಯವೂ ನನ್ನ ಪಕ್ಷದಲ್ಲಿಲ್ಲ. ಕೊಡುವ ರೀತಿಯೂ ಮುಖ್ಯ. ನೆರೆಯವರನ್ನು ಕರೆದು ನಮ್ಮ ಸಿರಿಯನ್ನು ತೋರಿಸಿ ಕಳುಹಿಸಿದರೆ ಅದು ಪ್ರದರ್ಶನವಾಗುತ್ತದೆ. ‘ಒಲೆ ಕಾದಿದೆ, ನಿಮ್ಮ ಮನೆಯ ಹಿಟ್ಟನ್ನೂ ತನ್ನಿ’ ಎಂದು ಕರೆದರೆ ಅದು ಸ್ನೇಹವಾಗುತ್ತದೆ.

ಇದಕ್ಕೆ ದುಬಾರಿ ಪಿಂಗಾಣಿಯ ಒಲೆಯೇ ಬೇಕಾಗಿಲ್ಲ. ಮೂರು ಕಲ್ಲಿನ ಒಲೆಯೂ ಆದೀತು, ಗ್ಯಾಸಿನ ಒಲೆಯೂ ಆದೀತು. ಮುಂದಿನ ಹಬ್ಬಕ್ಕೆ ಗಂಡಸರು ಹಿಂದಿನ ರಾತ್ರಿಯೇ ಅಡುಗೆಮನೆಗೆ ಬಂದು ಮಸಾಲೆ ಅರೆಯಲಿ, ಊಟದ ನಂತರ ಪಾತ್ರೆಗಳ ಬಳಿಯೂ ನಿಲ್ಲಲಿ. ಮಕ್ಕಳು ಎದುರುಮನೆಯವರನ್ನು ಹೆಸರು ಹಿಡಿದು ಕರೆದು ಬರಲಿ. ಒಂಟಿಯಾಗಿ ಬಾಳುವ ವೃದ್ಧರಿಗೆ, ದೂರದೂರಿನಿಂದ ದುಡಿಯಲು ಬಂದವರಿಗೆ ಒಂದು ಸ್ಥಳವಿರಲಿ; ಅವರು ತರುವ ಒಂದು ಹಿಡಿ ಉಪ್ಪಿನಕಾಯಿಗೂ ಎಲೆಯಲ್ಲಿ ಜಾಗವಿರಲಿ.

ಅಡುಗೆ ಮುಗಿದ ಮೇಲೆ ಪಿಂಗಾಣಿ ಒಲೆಯ ಎರಡೂ ಕಿಂಡಿಗಳನ್ನು ಮುಚ್ಚುತ್ತಾರೆ. ಹೊರಗಿನ ಗಾಳಿ ಒಳಬರದಂತಾದ ಮೇಲೆ ಕೆಂಡ ತಾನಾಗಿಯೇ ನಂದುತ್ತದೆ. ಉಳಿದ ಇದ್ದಿಲು ಇನ್ನೊಂದು ದಿನದ ಅಡುಗೆಗೆ ಒದಗುತ್ತದೆ. ಒಲೆಗೆ ಈ ಮಿತವ್ಯಯ ಒಪ್ಪುತ್ತದೆ. ಮನೆಗಳ ಬಾಗಿಲುಗಳಿಗೆ ಮಾತ್ರ ಈ ನಿಯಮ ಅನ್ವಯಿಸದಿರಲಿ.